ಬುಧವಾರದ ಕಾಲುಗಳು

ಪಾಂಡವಪುರದ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ
ಬುಧವಾರ ಬಿಸಿಲಿಗಿಂತ ಮೊದಲು ಕಾಲುಗಳು ಬರುತ್ತವೆ.
ಮುಖ ಆಮೇಲೆ. ಹೆಸರು ಇನ್ನೂ ಆಮೇಲೆ, ಚೀಟಿಯಲ್ಲಿ.
ಹತ್ತೊಂಬತ್ತು ವರ್ಷ ಈ ಮೋಟು ಸ್ಟೂಲಿನ ಮೇಲೆ ಕೂತು
ತಾಲ್ಲೂಕನ್ನು ಕೆಳಗಿನಿಂದ ಓದಿದವಳು ನಾನು.

ಈ ಹಿಮ್ಮಡಿ ಸಣ್ಣತಾಯಮ್ಮನದು,
ನೀರು ಬಿಟ್ಟ ಗದ್ದೆ ಬಿರಿದ ಹಾಗೆ ಬಿರಿದಿದೆ,
ಒಂದು ಸೀಳಿನಲ್ಲಿ ಇನ್ನೂ ನಾಟಿಯ ಮಣ್ಣು.
ಬೆರಳ ಸಂದಿ ಬೆಳ್ಳಗೆ, ನೆನೆದ ಅವಲಕ್ಕಿ.
"ಮೇಣದಬತ್ತಿ ಕರಗಿಸಿ ಬಿಟ್ಕಂಡಿದ್ದೆ ಕನವ್ವ."
ಹಿಮ್ಮಡಿಗೆ ಎಣ್ಣೆ ಸರಿ ತಾಯಿ, ಸಂದಿಗೆ ಬೇಡ.
ಸಂದಿ ಕೇಳುವುದು ಒಣ ಬಟ್ಟೆ:
ಕೂಸಿನ ಕತ್ತಿನ ಮಡಿಕೆ ಒರೆಸುತ್ತೀಯಲ್ಲ,
ಹಾಗೆ, ಒಂದೊಂದೇ.
ಅವಳು ಸೆರಗು ಬಾಯಿಗಿಟ್ಟು ನಗುತ್ತಾಳೆ:
"ಕಾಲ್ಗೂ ಬಾಣಂತನವಾ?"

ಮೇಲುಕೋಟೆ ರೂಟಿನ ಕಂಡಕ್ಟರ್ ಶಿವಮಾದು
ತನ್ನ ಆಣಿಯನ್ನು ತಾನೇ ಬ್ಲೇಡಿನಲ್ಲಿ ಜೀವಿಕೊಂಡು ಬಂದ,
ಪೆನ್ಸಿಲು ಜೀವಿದ ಹಾಗೆ.
ಬೇರು ಕಾಲಿನಲ್ಲಿಲ್ಲ ಕಣಪ್ಪಾ,
ಒಂದು ನಂಬರು ಚಿಕ್ಕದಾದ ಆ ಬೂಟಿನಲ್ಲಿದೆ.

ದ್ಯಾಪೇಗೌಡರ ಕಾಲು ಮಾತ್ರ ಏನೂ ಹೇಳಲಿಲ್ಲ.
ಮೂವತ್ತೈದು ವರ್ಷ ಆಲೆಮನೆಯ ಒಲೆಗೆ ರಚ್ಚು ಒಡ್ಡಿದವರು,
ಕೊಪ್ಪರಿಗೆಯ ಹದವನ್ನು ಬೀದಿಯಿಂದಲೇ
ಮೂಗಿನಲ್ಲಿ ಹಿಡಿಯುವವರು.
ಕೆಂಡ ತುಳಿದದ್ದು ಅವರಿಗೆ ತಿಳಿಯಲಿಲ್ಲ.
ನಾಲ್ಕನೇ ದಿನ, ಮುದ್ದೆ ಬಡಿಸಲು ಬಗ್ಗಿದಾಗ
ಸೊಸೆ ಪಂಕಜಳ ಮೂಗಿಗೆ ತಿಳಿಯಿತು.

"ಏನೂ ನೋಯ್ನಿಲ್ಲ ಕನವ್ವ, ಇಷ್ಟುದ್ದ ಪಟ್ಟಿ ಯಾಕೆ?"
ನೋಯದಿರುವುದೇ ಕಾಯಿಲೆ ಗೌಡ್ರೇ.

ಕಣ್ಣು ಮುಚ್ಚಿಸಿ ನೈಲಾನು ಎಳೆ ಮುಟ್ಟಿಸಿದೆ.
ಹೆಬ್ಬೆರಳಿಗೆ: ಮೌನ.
ಅಂಗಾಲಿಗೆ: ಮೌನ.
ಎಳೆಯನ್ನೆತ್ತಿ ಸುಮ್ಮನೆ ಕೂತೆ.
"ಈಗ ಮುಟ್ಟಿದೆ" ಅಂದರು,
ಪಾಸಾಗಲೇಬೇಕೆಂಬ ಹುಡುಗನ ಹಾಗೆ.
ನನ್ನ ಕೈ ಗಾಳಿಯಲ್ಲಿತ್ತು.

ಹನ್ನೊಂದು ಬುಧವಾರ
ಸತ್ತ ಚರ್ಮ ಬಿಡಿಸಿದೆ, ತೊಳೆದೆ, ಕಟ್ಟಿದೆ, ಬೈದೆ.
ಗುಳಿಗೆ ತಪ್ಪಿಸಿದ ವಾರ ಹೆಚ್ಚು ಬೈದೆ.
ಗಾಯ ಹತ್ತು ರೂಪಾಯಿಯಿಂದ ಒಂದು ರೂಪಾಯಿಗಿಳಿಯಿತು,
ಅಲ್ಲಿಂದ ಹುರುಳಿಕಾಳಿಗೆ.
ಬಸ್‌ಸ್ಟ್ಯಾಂಡಿನ ರೇವಯ್ಯ ಮೆತ್ತನೆ ರಬ್ಬರಿನ ಚಪ್ಪಲಿ ಹೊಲಿದ,
ಗಾಯದ ಜಾಗಕ್ಕೆ ಕುಳಿ ಬಿಟ್ಟು,
ಇಲ್ಲಿ ಒತ್ತಬೇಡ ಎಂದು ನೆಲಕ್ಕೇ ಹೇಳಿದ ಹಾಗೆ.
"ಒಲೆ ಅಂದ್ರೆ ದೇವ್ರು, ಮೆಟ್ಟು ಹಾಕ್ಕಂಡು ಎದುರಿಗೆ ಹೋಗದಾ?"
ಪಂಕಜ ತಲೆಯೆತ್ತದೆ ಅಂದಳು:
"ಆ ದೇವ್ರು ಕಾಲು ಕೇಳಿಲ್ಲ ಮಾವ."

ಕಂಬದ ಮೊಳೆಯಲ್ಲಿ ಮೀಸೆಗೆಂದೇ ತೂಗುತ್ತಿದ್ದ ಕನ್ನಡಿ
ಈಗ ನೆಲದ ಮೇಲಿದೆಯಂತೆ.
ಉಂಡಾದ ಮೇಲೆ ಗೌಡರು ಕಾಲೆತ್ತಿ
ಅದಕ್ಕೆ ಅಂಗಾಲು ತೋರಿಸುತ್ತಾರೆ.
ಮೊಮ್ಮಗಳು ಮೊಬೈಲಿನ ಬೆಳಕು ಹಿಡಿದು
"ತಾತ, ಇಲ್ಲೊಂದು ಕೆಂಪು!" ಎಂದರೆ
ಮನೆಯೆಲ್ಲ ಬಗ್ಗುತ್ತದೆ.
ಒಂದು ರಾತ್ರಿ ಅದು ಕುಂಕುಮವಾಗಿತ್ತು.
ಒಂದು ರಾತ್ರಿ ಮುಳ್ಳು.
ಅವರಿಗೆ ತಿಳಿಯದ ಆ ಮುಳ್ಳು ತೆಗೆಯುವಾಗ
ಹುಡುಗಿಯೇ "ಹಾ" ಅಂದಳಂತೆ.

ನಾಲ್ಕೂವರೆ. ಬಕೆಟ್ಟು ಚೆಲ್ಲಿ ಬಂದು ಶೂ ಬಿಚ್ಚುತ್ತೇನೆ.
ಹೆಬ್ಬೆರಳ ಉಗುರು ಮೂಲೆಯಲ್ಲಿ ಒಳಕ್ಕೆ ಬೆಳೆದು
ಸುತ್ತ ಕೆಂಪಗೆ ಊದಿದೆ.
ಉಗುರು ನೇರ ಕತ್ತರಿಸಿ, ಮೂಲೆ ಕೆರೆಯಬೇಡಿ ಎಂದು
ಊರಿಗೆಲ್ಲ ಹೇಳಿದ ಬಾಯಿ
ಐದೂವರೆ ಅಡಿ ಮೇಲಿತ್ತು; ಬೆರಳಿಗೆ ಕೇಳಿಸಲಿಲ್ಲ.

ಸ್ಟೂಲು ಬಿಟ್ಟು ಎದುರಿನ ಬೆಂಚು ಹತ್ತಿ ಕೂರುತ್ತೇನೆ.
ಎಷ್ಟು ಎತ್ತರ ಇದು,
ಕಾಲು ನೆಲ ಮುಟ್ಟುವುದಿಲ್ಲ.